ಮಾತಿನ ಹಲಗೆ

ಮಕ್ಕಳಿಗೆ ಓದು ಕಲಿಸುವ ಕ್ರಮವನ್ನು ನೀವೆಲ್ಲರೂ ಬಲ್ಲಿರಿ. ಗುರುಗಳು ಕರಿಹಲಗೆಯ ಮೇಲೆ ಒಂದು ಅಕ್ಷರವನ್ನು ಬರೆದು ಉಚ್ಚರಿಸುತ್ತಾರೆ; ತರಗತಿಯು ಒಕ್ಕೊರಲಿನಿಂದ ಅದನ್ನು ಮರುನುಡಿಯುತ್ತದೆ. ಕಾಗುಣಿತವನ್ನು ರಾಗವಾಗಿ ಹೇಳಿಸುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಪಾಠವನ್ನು ಗಟ್ಟಿಯಾಗಿ ಓದಿಸುತ್ತಾರೆ; ತಪ್ಪಿದಲ್ಲಿ ತಿದ್ದುತ್ತಾರೆ. ಶತಮಾನಗಳಿಂದ ನಡೆದುಬಂದಿರುವ ಈ ಕ್ರಮದ ಪ್ರತಿಯೊಂದು ಮೆಟ್ಟಿಲೂ ಬಾಯಿಯನ್ನು ಆಶ್ರಯಿಸಿದೆ. ಮಗುವಿಗೆ ಓದು ಬಂದಿದೆಯೇ ಇಲ್ಲವೇ ಎಂಬುದನ್ನು ನಾವು ಕಣ್ಣಿನಿಂದಲ್ಲ, ಕಿವಿಯಿಂದ ತಿಳಿಯುತ್ತೇವೆ. ಹಾಗಾದರೆ ನಾಲಗೆಯೇ ಆಡದ ಮಗುವೊಂದು ಆ ತರಗತಿಯಲ್ಲಿ ಕುಳಿತಿದ್ದರೆ ಅದಕ್ಕೆ ಓದು ಕಲಿಸುವ ಬಗೆ ಯಾವುದು? ಕಲಿತಿದೆಯೆಂದು ತಿಳಿಯುವ ಬಗೆಯಾದರೂ ಯಾವುದು?

ಇಂತಹ ಮಕ್ಕಳು ಅಪರೂಪವೇನಲ್ಲ. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಕೆಲವೇ ಕಾಲದಲ್ಲಿ, ಇನ್ನೂ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾದರೆ ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿ ಉಂಟಾಗುತ್ತದೆ. ಕೈಕಾಲುಗಳಲ್ಲಿ ದೋಷವಿರುವುದಿಲ್ಲ, ಅವುಗಳಿಗೆ ಮಿದುಳಿನಿಂದ ಹೋಗಬೇಕಾದ ಅಪ್ಪಣೆ ಸರಿಯಾಗಿ ತಲಪುವುದಿಲ್ಲ. ಸ್ನಾಯುಗಳು ಬಿಗಿಯುತ್ತವೆ, ಇಲ್ಲವೇ ಹೇಳಿದಂತೆ ಕೇಳದೆ ಅಲುಗುತ್ತವೆ. ಮಾತು ಎಂಬುದು ತುಟಿ, ನಾಲಗೆ, ಗಂಟಲು, ಎದೆ ಇವೆಲ್ಲವೂ ಕ್ಷಣಮಾತ್ರದಲ್ಲಿ ಒಟ್ಟಾಗಿ ಮಾಡಬೇಕಾದ ಬಹು ಸೂಕ್ಷ್ಮವಾದ ಕೆಲಸ. ಆದುದರಿಂದ ಈ ಸ್ಥಿತಿಯ ಕೆಲವು ಮಕ್ಕಳಿಗೆ ಮಾತು ತೊಡರುತ್ತದೆ; ಕೆಲವರಿಗೆ ಬರುವುದೇ ಇಲ್ಲ. ಆದರೆ ಅಪ್ಪಣೆ ತಲಪದೆ ಇರುವುದು ಬೇರೆ, ಅಪ್ಪಣೆ ಕೊಡುವ ಮನಸ್ಸೇ ಇಲ್ಲದಿರುವುದು ಬೇರೆ. ಸುತ್ತಲಿನವರು ಆಡುವ ಮಾತನ್ನೆಲ್ಲ ಅರ್ಥಮಾಡಿಕೊಳ್ಳುತ್ತಿದ್ದರೂ ಮರುನುಡಿಯಲಾರದ ಮಕ್ಕಳನ್ನು ಬಹುಕಾಲ ‘ಏನೂ ತಿಳಿಯದವರು’ ಎಂದು ಬಗೆದು ಶಾಲೆಯಿಂದ ಹೊರಗಿಟ್ಟಿದ್ದರು. ಇದು ಒಂದು ದೇಶದ ಕತೆಯಲ್ಲ.

ಕೆನಡಾ ದೇಶದ ಟೊರಾಂಟೊ ನಗರದಲ್ಲಿ 1971ರಲ್ಲಿ ಈ ವಿಷಯದಲ್ಲಿ ನಡೆದ ಒಂದು ಪ್ರಯತ್ನವನ್ನು ಇಲ್ಲಿ ಹೇಳಬೇಕು. ಅಲ್ಲಿ ‘ಒಂಟಾರಿಯೊ ಕ್ರಿಪಲ್ಡ್ ಚಿಲ್ಡ್ರನ್ಸ್ ಸೆಂಟರ್’ ಎಂಬ ಸಂಸ್ಥೆಯಿತ್ತು. (ಆ ಹೆಸರನ್ನು ಇಂದು ಯಾರೂ ಇಡಲಾರರು, ಅದರ ಈಗಿನ ಹೆಸರು ಹಾಲೆಂಡ್ ಬ್ಲೂರ್‌ವ್ಯೂ ಆಸ್ಪತ್ರೆ.) ಶರ್ಲಿ ಮೆಕ್‌ನಾಟನ್ ಎಂಬಾಕೆ ಅಲ್ಲಿ ಅಧ್ಯಾಪಕಿ. ಆಕೆಯ ತರಗತಿಯ ಕೆಲವು ಮಕ್ಕಳಿಗೆ ಮಾತು ಬರುತ್ತಿರಲಿಲ್ಲ. ಅವರ ಮುಂದೆ ಚಿತ್ರಗಳಿರುವ ಹಲಗೆಯನ್ನು ಇಡುತ್ತಿದ್ದರು. ನೀರಿನ ಲೋಟ, ಊಟದ ತಟ್ಟೆ, ಹಾಸಿಗೆ, ಶೌಚಾಲಯ ಇಂತಹ ಚಿತ್ರಗಳು. ಮಗು ಬೆರಳಿನಿಂದಲೋ ಮುಷ್ಟಿಯಿಂದಲೋ ಒಂದನ್ನು ತೋರಿಸಬೇಕು. ಬೇಕು ಬೇಡಗಳನ್ನು ತಿಳಿಸಲು ಇಷ್ಟು ಸಾಕು. ಆದರೆ ‘ನಿನ್ನೆ ನನಗೆ ಬಿದ್ದ ಕನಸು ವಿಚಿತ್ರವಾಗಿತ್ತು’ ಎಂಬುದಕ್ಕೆ ಚಿತ್ರವೆಲ್ಲಿದೆ? ‘ಆದರೆ’ ಎಂಬ ಮಾತಿಗೆ ಚಿತ್ರ ಬರೆಯುವವರಾರು? ಅಕ್ಷರಗಳನ್ನು ಕಲಿಸೋಣವೆಂದರೆ ಆ ಮಕ್ಕಳು ಇನ್ನೂ ಚಿಕ್ಕವರು. ಅವರ ಮನಸ್ಸಿನಲ್ಲಿದ್ದುದು ಅಷ್ಟು ದಿನ ಕಾಯಬೇಕಾಗಿತ್ತು. ಚಿತ್ರಕ್ಕೂ ಅಕ್ಷರಕ್ಕೂ ನಡುವೆ ಒಂದು ಸೇತುವೆ ಬೇಕಾಗಿತ್ತು.

ಆ ಸೇತುವೆ ದೊರೆತದ್ದು ಯಾರೂ ಓದದೆ ಮೂಲೆ ಸೇರಿದ್ದ ಒಂದು ಗ್ರಂಥದಲ್ಲಿ. ಅದರ ಕರ್ತೃ ಚಾರ್ಲ್ಸ್ ಬ್ಲಿಸ್. ಆತನು 1897ರಲ್ಲಿ, ಅಂದು ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಯುಕ್ರೇನಿನಲ್ಲಿರುವ ಚೆರ್ನೊವಿಟ್ಸ್ ಎಂಬ ಊರಿನಲ್ಲಿ, ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದನು. ಹಲವು ಭಾಷೆಗಳ ಜನರು ಒಂದೇ ಬೀದಿಯಲ್ಲಿದ್ದು ಒಬ್ಬರನ್ನೊಬ್ಬರು ದ್ವೇಷಿಸುತ್ತಿದ್ದುದನ್ನು ಆತನು ಬಾಲ್ಯದಿಂದಲೇ ಕಂಡಿದ್ದನು. ರಸಾಯನ ತಂತ್ರಜ್ಞನಾಗಿ ವಿಯೆನ್ನಾದಲ್ಲಿ ನೆಲಸಿದ್ದಾಗ, 1938ರಲ್ಲಿ, ನಾಜಿಗಳು ಆತನನ್ನು ಹಿಡಿದು ಡಾಕೌ ಮತ್ತು ಬುಕೆನ್‌ವಾಲ್ಡ್ ಸೆರೆಶಿಬಿರಗಳಿಗೆ ತಳ್ಳಿದರು. ಹೆಂಡತಿಯ ಅವಿರತ ಪ್ರಯತ್ನದಿಂದ ಬಿಡುಗಡೆ ಹೊಂದಿ ಇಂಗ್ಲೆಂಡಿಗೆ ಹೋಗಿ, ಮುಂದೆ ಚೀನಾದ ಶಾಂಘೈ ನಗರವನ್ನು ಸೇರಿದನು. ಅಲ್ಲಿ ಅಂಗಡಿಗಳ ನಾಮಫಲಕಗಳಲ್ಲಿದ್ದ ಚೀನೀ ಲಿಪಿಯನ್ನು ಕಲಿಯುತ್ತಿದ್ದಾಗ ಒಂದು ಸಂಗತಿ ಆತನನ್ನು ಬೆರಗುಗೊಳಿಸಿತು. ತಾನು ಆ ಚಿಹ್ನೆಗಳನ್ನು ಚೀನೀ ಭಾಷೆಯಲ್ಲಿ ಓದುತ್ತಿರಲಿಲ್ಲ. ತನ್ನ ಭಾಷೆಯಲ್ಲಿಯೇ ಓದುತ್ತಿದ್ದನು! ಧ್ವನಿಯನ್ನಲ್ಲ, ಅರ್ಥವನ್ನೇ ಬರೆಯುವ ಲಿಪಿಯೊಂದಿದ್ದರೆ ಜಗತ್ತಿನ ಜನರೆಲ್ಲರೂ ಅದನ್ನು ತಮ್ಮ ತಮ್ಮ ಭಾಷೆಗಳಲ್ಲಿ ಓದಬಹುದಲ್ಲವೆ? ಈ ಆಸೆಯಿಂದ ಆತನು ಒಂದು ಚಿಹ್ನೆಲಿಪಿಯನ್ನು ರಚಿಸಿದನು. ಆಸ್ಟ್ರೇಲಿಯಾಕ್ಕೆ ವಲಸೆಹೋದ ಮೇಲೆ 1949ರಲ್ಲಿ ‘ಸಿಮ್ಯಾಂಟೋಗ್ರಫಿ’ ಎಂಬ ಹೆಸರಿನಿಂದ ಅದನ್ನು ಪ್ರಕಟಿಸಿದನು. ವಿಶ್ವಶಾಂತಿಗೆಂದು ಬರೆದ ಆ ಗ್ರಂಥವನ್ನು ವಿಶ್ವವು ಗಮನಿಸಲಿಲ್ಲ.

ಬ್ಲಿಸ್ ಚಿಹ್ನೆಗಳ ಸೊಗಸು ಅವುಗಳ ಸರಳತೆಯಲ್ಲಿದೆ. ಅಲೆಯಂತಹ ಒಂದು ಗೆರೆ ನೀರು. ಅದರೊಡನೆ ಕೆಳಮುಖವಾದ ಬಾಣವಿದ್ದರೆ ಮಳೆ. ಹೃದಯದ ಆಕೃತಿಯು ಭಾವನೆಯನ್ನು ಸೂಚಿಸುತ್ತದೆ. ಅದರ ಪಕ್ಕದಲ್ಲಿ ಮೇಲ್ಮುಖವಾದ ಬಾಣವನ್ನಿಟ್ಟರೆ ಸಂತೋಷ, ಕೆಳಮುಖವಾದ ಬಾಣವನ್ನಿಟ್ಟರೆ ದುಃಖ. ಕೆಲವೇ ಮೂಲ ಚಿಹ್ನೆಗಳನ್ನು ಕೂಡಿಸಿ ಹೊಸ ಹೊಸ ಅರ್ಥಗಳನ್ನು ಹೊಂದಿಸಬಹುದು. ಚಿತ್ರದ ಹಲಗೆಯಲ್ಲಿ ಇದು ಸಾಧ್ಯವಿರಲಿಲ್ಲ. ಟೊರಾಂಟೊದ ಮಕ್ಕಳು ಇದನ್ನು ಬೇಗನೆ ಹಿಡಿದರು. ಹಲಗೆಯ ಮೇಲೆ ಇಲ್ಲದ ಮಾತನ್ನು ಹೇಳಬೇಕೆನಿಸಿದಾಗ ‘ಕೂಡಿಸು’ ಎಂಬ ಗುರುತನ್ನು ಮೊದಲು ತೋರಿಸಿ, ಎರಡು ಮೂರು ಚಿಹ್ನೆಗಳನ್ನು ಸೇರಿಸಿ, ತಮ್ಮದೇ ಆದ ಪದವೊಂದನ್ನು ಮಾಡಿಕೊಳ್ಳತೊಡಗಿದರು. ದೂರದ ಆಸ್ಟ್ರೇಲಿಯಾದಲ್ಲಿದ್ದ ಬ್ಲಿಸ್‌ಗೆ ಈ ಸುದ್ದಿ ಮುಟ್ಟಿದಾಗ ಆತನ ಆನಂದಕ್ಕೆ ಪಾರವಿರಲಿಲ್ಲ. ಮುಂದೆ ಚಿಹ್ನೆಗಳನ್ನು ಹೇಗೆ ಬಳಸಬೇಕೆಂಬ ವಿಷಯದಲ್ಲಿ ಆತನಿಗೂ ಆ ಸಂಸ್ಥೆಗೂ ದೊಡ್ಡ ಜಗಳವೇ ಆಯಿತು. 1982ರಲ್ಲಿ ಅದು ಒಪ್ಪಂದದಲ್ಲಿ ಮುಗಿಯಿತು. ಆ ಜಗಳ ನಮಗೆ ಇಲ್ಲಿ ಮುಖ್ಯವಲ್ಲ.

ಮುಖ್ಯವಾದುದು ಬೇರೊಂದು. ಆ ಹಲಗೆಯ ಪ್ರತಿಯೊಂದು ಚಿಹ್ನೆಯ ಜೊತೆಯಲ್ಲಿಯೂ ಅದರ ಪದವನ್ನು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಿದ್ದರು. ಚಿಹ್ನೆಯನ್ನು ಕಲಿಯದ ಅಪರಿಚಿತರಿಗೂ ಮಗುವಿನ ಮಾತು ತಿಳಿಯಲಿ ಎಂಬುದು ಅದರ ಉದ್ದೇಶ. ಮಗುವಿನ ಕಣ್ಣು ದಿನದಿನವೂ ಆ ಅಕ್ಷರಗಳ ಮೇಲೆ ಹರಿಯುತ್ತಿತ್ತು. ಆದರೂ ಚಿಹ್ನೆಯನ್ನು ಬಲ್ಲ ಮಗುವು ಓದನ್ನು ಬಲ್ಲ ಮಗುವಾಗುವುದು ತಾನಾಗಿ ನಡೆಯುವ ಕೆಲಸವಲ್ಲ. ಅದನ್ನು ಪ್ರತ್ಯೇಕವಾಗಿ ಕಲಿಸಬೇಕು. ಇನ್ನೂ ಒಂದು ಸೂಕ್ಷ್ಮವಿದೆ. ಓದಿನ ಪಾಠದಲ್ಲಿ ಪ್ರತಿಯೊಂದು ಪದದ ಮೇಲೂ ಚಿತ್ರವನ್ನು ಅಂಟಿಸಿದರೆ ಮಗುವಿಗೆ ಸಹಾಯವಾಗುವುದೆಂದು ಅನೇಕರು ತಿಳಿಯುತ್ತಾರೆ. ಆದರೆ ಚಿತ್ರವೇ ಅರ್ಥವನ್ನು ಕೊಡುವಾಗ ಕಣ್ಣು ಅಕ್ಷರದ ಕಡೆಗೆ ಹೋಗುವ ಶ್ರಮವನ್ನು ಏಕೆ ಪಡುತ್ತದೆ? ಮಾತನಾಡುವಾಗ ಚಿತ್ರವೂ ಚಿಹ್ನೆಯೂ ಇರಲಿ. ಓದು ಕಲಿಯುವಾಗ ಅಕ್ಷರ ಮಾತ್ರವೇ ಇರಲಿ ಎಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ಅಕ್ಷರಕ್ಕೆ ಇಷ್ಟು ಮಹತ್ವವೇಕೆ? ಚಿತ್ರದ ಹಲಗೆಯ ಮೇಲೆ ನೂರು ಪದಗಳಿದ್ದರೆ ಮಗುವು ಆ ನೂರನ್ನೇ ಹೇಳಬಹುದು. ಆ ನೂರನ್ನು ಆರಿಸಿದವರು ತಾಯಿ, ಅಧ್ಯಾಪಕಿ, ವೈದ್ಯರು. ಎಂದರೆ, ಮಗುವು ತನ್ನ ಬಾಯಿಗೆ ಇತರರು ಇಟ್ಟ ಮಾತನ್ನೇ ಆಡಬೇಕು. ಸಾವಿರ ಪದಗಳ ಯಂತ್ರವಾದರೂ ಇದೇ ಮಾತು. ‘ನನಗೆ ಈ ಶಾಲೆ ಹಿಡಿಸಲಿಲ್ಲ’ ಎಂಬ ವಾಕ್ಯವನ್ನು ಯಾವ ಹಿರಿಯರು ಮುಂದಾಗಿ ಯೋಚಿಸಿ ಹಲಗೆಯ ಮೇಲೆ ಬರೆದಿಟ್ಟಾರು? ಕನ್ನಡದ ನಲವತ್ತೊಂಬತ್ತು ಅಕ್ಷರಗಳನ್ನು ಬಲ್ಲ ಮಗುವಾದರೋ ಯಾರೂ ಊಹಿಸದ ಮಾತನ್ನು ಹೇಳಬಲ್ಲದು. ನಿಂದಿಸಬಲ್ಲದು, ಹಾಸ್ಯಮಾಡಬಲ್ಲದು, ಸುಳ್ಳನ್ನೂ ಹೇಳಬಲ್ಲದು.

ಸ್ಟೀಫನ್ ಹಾಕಿಂಗ್ ಎಂಬ ಪ್ರಸಿದ್ಧ ಭೌತವಿಜ್ಞಾನಿಯ ವಿಷಯವನ್ನು ನೀವು ಕೇಳಿರಬಹುದು. ನರಗಳ ರೋಗದಿಂದ ಕೈಕಾಲುಗಳ ಬಲ ಉಡುಗಿದ್ದ ಆತನು 1985ರಲ್ಲಿ ನ್ಯುಮೋನಿಯಾಕ್ಕೆ ಗುರಿಯಾದಾಗ, ಪ್ರಾಣ ಉಳಿಸಲು ಗಂಟಲಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಉಳಿದಿದ್ದ ಅಸ್ಪಷ್ಟ ಮಾತೂ ಹೋಯಿತು. ಕೆಲವು ಕಾಲ ಆತನು ಅಕ್ಷರಗಳನ್ನು ಬರೆದ ಒಂದು ಕಾರ್ಡಿನಿಂದ ಮಾತನಾಡಿದನು. ಬೇರೊಬ್ಬರು ಅಕ್ಷರಗಳನ್ನು ಒಂದೊಂದಾಗಿ ತೋರಿಸುತ್ತ ಹೋಗಬೇಕು. ಬೇಕಾದ ಅಕ್ಷರ ಬಂದಾಗ ಆತನು ಹುಬ್ಬನ್ನೇರಿಸುವನು. ಅನಂತರವೇ ಗಣಕಯಂತ್ರವೂ ಅದರ ಕೃತಕ ಧ್ವನಿಯೂ ಬಂದದ್ದು. ಯಂತ್ರವು ಹಾಕಿಂಗ್‌ನಿಗೆ ಮಾತನ್ನು ಕೊಟ್ಟಿತೆಂದು ಜನರು ಹೇಳುತ್ತಾರೆ. ಆದರೆ ಯಂತ್ರಕ್ಕಿಂತ ಮೊದಲೇ ಆತನಲ್ಲಿ ಓದು ಇತ್ತು. ಓದು ಇಲ್ಲದಿದ್ದರೆ ಆ ಕಾರ್ಡು ಬರಿಯ ಕಾಗದ, ಆ ಯಂತ್ರ ಬರಿಯ ಪೆಟ್ಟಿಗೆ. ಹುಟ್ಟಿನಿಂದಲೇ ಮಾತಿಲ್ಲದ ಮಗುವಿಗೆ ಆ ಓದನ್ನೇ ಮೊದಲು ದೊರಕಿಸಬೇಕಾಗಿದೆ. ಕಷ್ಟವಿರುವುದು ಇಲ್ಲಿ.

ಈಗ ಪಾಠದ ಕ್ರಮಕ್ಕೆ ಬರೋಣ. ಬಾಯಿಂದ ಗಟ್ಟಿಯಾಗಿ ಓದಲಾರದ ಮಗುವಿಗೆ ಅಧ್ಯಾಪಕರು ‘ನಿನ್ನ ಮನಸ್ಸಿನಲ್ಲಿಯೇ ಹೇಳಿಕೋ’ ಎಂದು ಹೇಳಿಕೊಡುತ್ತಾರೆ. ನೀವು ಮೌನವಾಗಿ ಓದುವಾಗ ಒಳಗೆ ಒಂದು ದನಿ ಕೇಳಿದಂತಾಗುವುದಲ್ಲವೆ? ನಾಲಗೆ ಆಡದವರಲ್ಲಿಯೂ ಈ ಒಳದನಿ ಕೆಲಸಮಾಡಬಲ್ಲದು. ಅಧ್ಯಾಪಕರು ‘ಮ’ ಎಂಬ ಅಕ್ಷರವನ್ನು ತೋರಿಸಿ ಧ್ವನಿಯನ್ನು ನುಡಿಯುತ್ತಾರೆ, ‘ರ’ ಎಂಬುದನ್ನು ತೋರಿಸಿ ನುಡಿಯುತ್ತಾರೆ, ಎರಡನ್ನೂ ಮನಸ್ಸಿನಲ್ಲಿ ಕೂಡಿಸಲು ಹೇಳುತ್ತಾರೆ. ಮಗು ಕೂಡಿಸಿತೇ? ಅದನ್ನು ತಿಳಿಯಲು ನಾಲ್ಕು ಪದಗಳನ್ನು ಬರೆದ ಚೀಟಿಗಳನ್ನು ಮುಂದಿಟ್ಟು ‘ಮರ ಎಲ್ಲಿದೆ?’ ಎಂದು ಕೇಳುತ್ತಾರೆ. ಮಗು ಬೆರಳಿನಿಂದಲೋ ಕಣ್ಣಿನ ನೋಟದಿಂದಲೋ ಒಂದನ್ನು ತೋರಿಸುತ್ತದೆ.

ಈ ನಾಲ್ಕು ಪದಗಳನ್ನು ಆರಿಸುವುದರಲ್ಲಿಯೇ ಅಧ್ಯಾಪಕರ ಜಾಣ್ಮೆಯಿದೆ. ಮರ, ಬರ, ಮದ, ಮರೆ ಎಂಬ ನಾಲ್ಕನ್ನು ಇಟ್ಟರೆಂದು ಭಾವಿಸಿ. ಮಗು ‘ಬರ’ವನ್ನು ತೋರಿಸಿದರೆ ಮೊದಲನೆಯ ಅಕ್ಷರವನ್ನು ಗುರುತಿಸುವುದರಲ್ಲಿ ತೊಡಕಿದೆ ಎಂದು ತಿಳಿಯುತ್ತದೆ. ‘ಮದ’ವನ್ನು ತೋರಿಸಿದರೆ ಮೊದಲಿನದನ್ನು ನೋಡಿ ಎರಡನೆಯದನ್ನು ಊಹಿಸಿದೆ. ‘ಮರೆ’ಯನ್ನು ತೋರಿಸಿದರೆ ಅಕ್ಷರಗಳು ಬಂದಿವೆ, ಸ್ವರಚಿಹ್ನೆಯ ಮೇಲೆ ಗಮನ ಬಂದಿಲ್ಲ. ಗಟ್ಟಿಯಾಗಿ ಓದುವ ಮಗುವಿನ ತಪ್ಪು ಕಿವಿಗೆ ಕೇಳಿಸುತ್ತದೆ. ಮಾತಿಲ್ಲದ ಮಗುವಿನ ತಪ್ಪು ಹೀಗೆ ಕಣ್ಣಿಗೆ ಕಾಣುವಂತೆ ಮಾಡಬೇಕು. ಬದಲಾಗಿ ಮರ, ಆನೆ, ಗಡಿಯಾರ, ಹೂವು ಎಂದು ಇಟ್ಟಿದ್ದರೆ ಮಗು ಸರಿಯಾಗಿ ತೋರಿಸಿದರೂ ಅದು ಎಷ್ಟು ಓದಿತೆಂಬುದು ತಿಳಿಯುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ಗಣಿತವೂ ಬೇಕು. ಮಾತಿಲ್ಲದ ಮಗುವನ್ನು ಜನರು ಹೆಚ್ಚಾಗಿ ಕೇಳುವುದು ‘ಹೌದೋ ಅಲ್ಲವೋ’ ಎಂಬ ಪ್ರಶ್ನೆಯನ್ನು. ಏನೂ ಓದದೆ ಕಣ್ಣುಮುಚ್ಚಿ ಉತ್ತರಿಸಿದರೂ ಇದರಲ್ಲಿ ಎರಡಕ್ಕೆ ಒಂದು ಸಲ ಸರಿಯಾಗುತ್ತದೆ. ಇಂತಹ ಐದು ಪ್ರಶ್ನೆಗಳಿಗೂ ಊಹೆಯಿಂದಲೇ ಸರಿಯುತ್ತರ ಬರುವ ಸಂಭವ 32ರಲ್ಲಿ ಒಂದು. ನಾಲ್ಕರಲ್ಲಿ ಒಂದನ್ನು ಆರಿಸಬೇಕಾದ ಐದು ಪ್ರಶ್ನೆಗಳಾದರೆ ಆ ಸಂಭವ 1024ರಲ್ಲಿ ಒಂದು. ಆದಕಾರಣ ಅಧ್ಯಾಪಕರು ನಾಲ್ಕು ಚೀಟಿಗಳ ಶ್ರಮವನ್ನು ತೆಗೆದುಕೊಳ್ಳುತ್ತಾರೆ.

ಪದಗಳನ್ನು ಗುರುತಿಸಿದರೆ ಸಾಲದು, ರಚಿಸಲೂ ಬೇಕು. ಇದಕ್ಕೆ ಅಕ್ಷರದ ಹಲಗೆ. ಬೆರಳಿನಿಂದ ತೋರಬಲ್ಲ ಮಗುವಿಗೆ ಇದು ಸುಲಭ. ಬೆರಳೂ ವಶದಲ್ಲಿಲ್ಲದ ಮಗುವಿನ ಗತಿಯೇನು? ಅಂತಹ ಮಗುವು ಕಣ್ಣು ಮಿಟುಕಿಸಿಯೋ ತಲೆಯಾಡಿಸಿಯೋ ‘ಹೌದು’ ಎಂದು ಸೂಚಿಸಬಲ್ಲದಾದರೆ ಅಷ್ಟೇ ಸಾಕು. ಹಾಕಿಂಗ್‌ನ ಕಾರ್ಡಿನಂತೆ ಜೊತೆಗಾರರು ಅಕ್ಷರಗಳನ್ನು ತೋರಿಸುತ್ತ ಹೋಗುತ್ತಾರೆ. ಆದರೆ ನಲವತ್ತೊಂಬತ್ತನ್ನೂ ಒಂದೊಂದಾಗಿ ತೋರಿಸುವುದೆಂದರೆ ಒಂದು ಪದಕ್ಕೆ ಒಂದು ತಾಸು ಹಿಡಿದೀತು! ಇಲ್ಲಿ ನಮ್ಮ ವರ್ಣಮಾಲೆಯ ಕ್ರಮವು ಆಶ್ಚರ್ಯಕರವಾಗಿ ಒದಗುತ್ತದೆ. ವ್ಯಾಕರಣದಲ್ಲಿ ನೀವು ಓದಿರುವ ವರ್ಗೀಯ ವ್ಯಂಜನಗಳನ್ನು ನೆನಪಿಸಿಕೊಳ್ಳಿ: ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ. ಐದು ಸಾಲು, ಸಾಲಿಗೆ ಐದು ಅಕ್ಷರ. ಜೊತೆಗಾರರು ಮೊದಲು ಸಾಲುಗಳನ್ನು ತೋರಿಸುತ್ತಾರೆ. ಮಗು ಕಣ್ಣು ಮಿಟುಕಿಸಿದೊಡನೆ ನಿಂತು ಆ ಸಾಲಿನ ಅಕ್ಷರಗಳನ್ನು ತೋರಿಸುತ್ತಾರೆ. ಇಪ್ಪತ್ತೈದು ಅಕ್ಷರಗಳಲ್ಲಿ ಯಾವುದನ್ನಾದರೂ ಹೆಚ್ಚೆಂದರೆ ಹತ್ತು ಸಲ ತೋರಿಸುವುದರೊಳಗೆ ಹಿಡಿಯಬಹುದು. ಪ್ರಾಚೀನ ವೈಯಾಕರಣರು ಉಚ್ಚಾರಣೆಯ ಸ್ಥಾನವನ್ನು ಅನುಸರಿಸಿ, ಬಾಯಿಗೆಂದೇ ಜೋಡಿಸಿಟ್ಟ ಈ ಕೋಷ್ಟಕವು ಬಾಯಿ ಆಡದ ಮಗುವಿಗೆ ಉಪಕಾರಿಯಾಗುವುದು ವಿನೋದವೇ ಸರಿ.

ಒಂದು ಪದವನ್ನು ಬರೆದು ನೋಡೋಣ. ಮಗುವು ‘ಮಳೆ’ ಎನ್ನಬೇಕಾಗಿದೆ. ಐದನೆಯ ಸಾಲು, ಐದನೆಯ ಅಕ್ಷರ: ‘ಮ’. ವ್ಯಂಜನದೊಳಗೆ ‘ಅ’ಕಾರವು ಸೇರಿಯೇ ಇರುವುದರಿಂದ ಬೇರೆ ಸ್ವರವನ್ನು ಹೇಳಬೇಕಾಗಿಲ್ಲ. ಮುಂದೆ ಅವರ್ಗೀಯದ ಸಾಲು. ಅದರ ಕೊನೆಯ ಅಕ್ಷರ ‘ಳ’. ಆಮೇಲೆ ಸ್ವರಗಳ ಸಾಲಿನಿಂದ ‘ಎ’. ಜೊತೆಗಾರರು ‘ಳೆ’ ಎಂದು ಕೂಡಿಸಿ ಬರೆದುಕೊಳ್ಳುತ್ತಾರೆ. ಕಾಗುಣಿತದ ನೂರಾರು ರೂಪಗಳನ್ನು ಹಲಗೆಯ ಮೇಲೆ ತುಂಬಬೇಕಾಗಿಲ್ಲ. ವ್ಯಂಜನ ಮತ್ತು ಸ್ವರ ಎರಡನ್ನು ಬೇರೆಬೇರೆಯಾಗಿ ಇಟ್ಟು, ಒತ್ತಕ್ಷರಕ್ಕೆಂದು ಇನ್ನೊಂದು ಮನೆಯನ್ನು ಸೇರಿಸಿದರಾಯಿತು. ಕನ್ನಡದ ಗಣಕಯಂತ್ರವೂ ಇದೇ ಕ್ರಮದಲ್ಲಿ ಅಕ್ಷರಗಳನ್ನು ಕೂಡಿಸುತ್ತದೆ. ಇಂತಹ ಹಲಗೆಗೆ ತಗಲುವ ವೆಚ್ಚ ಒಂದು ರಟ್ಟು, ಒಂದು ಮಸಿಯ ಕಡ್ಡಿ. ಸಮಯ ಮಾತ್ರ ಧಾರಾಳವಾಗಿ ಬೇಕು.

ಹಲಗೆಯಿಂದ ಯಂತ್ರಕ್ಕೆ ಬಂದ ದಾರಿ ದೀರ್ಘವಾದುದು. 1960ರ ಸುಮಾರಿನಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಕೈಕಾಲು ಆಡದ ರೋಗಿಗಳು ಶಿಳ್ಳೆ ಊದಿ ದಾದಿಯರನ್ನು ಕರೆಯುತ್ತಿದ್ದುದನ್ನು ಕಂಡ ರೆಜ್ ಮೇಲಿಂಗ್ ಎಂಬಾತನು, ನಳಿಕೆಯಲ್ಲಿ ಊದುವ ಮತ್ತು ಹೀರುವ ಉಸಿರಿನಿಂದಲೇ ನಡೆಯುವ ಯಂತ್ರವೊಂದನ್ನು ರಚಿಸಿದನು. ಅದಕ್ಕೆ ‘ಪಾಸಮ್’ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ‘ನಾನು ಬಲ್ಲೆ’ ಎಂದರ್ಥ. ಮುಂದೆ ಬರೆದುದನ್ನು ಧ್ವನಿಯಾಗಿ ನುಡಿಯುವ ಯಂತ್ರಗಳು, ಕಣ್ಣಿನ ನೋಟವನ್ನೇ ಅನುಸರಿಸಿ ಅಕ್ಷರವನ್ನು ಆರಿಸುವ ಯಂತ್ರಗಳು ಬಂದವು. ನಮ್ಮ ದೇಶದಲ್ಲಿ ಚೆನ್ನೈನ ವಿದ್ಯಾಸಾಗರ ಸಂಸ್ಥೆಯ ಸಹಯೋಗದಿಂದ ಅಜಿತ್ ನಾರಾಯಣನ್ ಎಂಬ ತಂತ್ರಜ್ಞರು ‘ಆವಾಜ್’ ಎಂಬ ಸಾಧನವನ್ನು ರೂಪಿಸಿದರು. ಯಂತ್ರಗಳ ವರ್ಣನೆಗೆ ಇಷ್ಟು ಸಾಕು; ಅವು ವರ್ಷವರ್ಷವೂ ಬದಲಾಗುತ್ತವೆ.

ಯಂತ್ರವನ್ನು ಕೊಟ್ಟಮಾತ್ರಕ್ಕೆ ಮಗು ಮಾತನಾಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಮಾತನಾಡುವ ಮಗುವು ತನ್ನ ಮೊದಲನೆಯ ಮಾತನ್ನಾಡುವ ಮುಂಚೆ ಸುಮಾರು ಒಂದು ವರ್ಷಕಾಲ ಮನೆಮಂದಿಯ ಮಾತನ್ನು ಕೇಳಿರುತ್ತದೆ. ಹಲಗೆಯ ಮಗುವಾದರೋ ಹಲಗೆಯಿಂದ ಮಾತನಾಡುವ ಇನ್ನೊಬ್ಬರನ್ನು ಕಂಡೇ ಇರುವುದಿಲ್ಲ! ಆದುದರಿಂದ ಬಲ್ಲ ಅಧ್ಯಾಪಕರು ತಾವು ಮಾತನಾಡುವಾಗ ತಾವೂ ಹಲಗೆಯನ್ನು ತೋರಿಸುತ್ತಾರೆ. ‘ಇಂದು ಮಳೆ ಬರಬಹುದು’ ಎನ್ನುತ್ತ ‘ಮಳೆ’ಯ ಮೇಲೆ ಬೆರಳಿಡುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿಯೇ ಹತ್ತು ಎಣಿಸಿ ಕಾಯುತ್ತಾರೆ, ಬೇಕಾದರೆ ಇಪ್ಪತ್ತು. ನಾವು ಎರಡು ಕ್ಷಣ ಮೌನವಾದರೆ ಮೂರನೆಯ ಕ್ಷಣಕ್ಕೆ ಪ್ರಶ್ನೆಯನ್ನು ಮತ್ತೆ ಕೇಳಿಬಿಡುತ್ತೇವೆ. ಅಷ್ಟರಲ್ಲಿ ಅರ್ಧದಾರಿಗೆ ಬಂದಿದ್ದ ಮಗುವಿನ ಕೈ ಹಿಂದಕ್ಕೆ ಸರಿದಿರುತ್ತದೆ.

ತರಗತಿಯ ಇತರ ವಿದ್ಯಾರ್ಥಿಗಳ ಪಾತ್ರವೂ ಇದರಲ್ಲಿ ಕಡಿಮೆಯದಲ್ಲ. ಹಲಗೆಯಿಂದ ಮಾತನಾಡುವ ಸಹಪಾಠಿಯನ್ನು ಪ್ರಶ್ನಿಸಬೇಕಾದರೆ ಅವನ ಜೊತೆಗಾರರನ್ನು ಕೇಳಬಾರದು, ಅವನನ್ನೇ ಕೇಳಬೇಕು. ಅವನು ‘ನಾ, ಳೆ’ ಎಂದು ತೋರಿಸುತ್ತಿರುವಾಗ ‘ನಾಳೆ ಬರುತ್ತೀಯಾ?’ ಎಂದು ನಾವೇ ವಾಕ್ಯವನ್ನು ಮುಗಿಸುವುದು ಸಹಾಯದಂತೆ ಕಂಡರೂ ಕೆಲವೊಮ್ಮೆ ಅವನ ಮಾತನ್ನು ಕಸಿದುಕೊಂಡಂತೆ. ಅವನು ‘ನಾಳೆ ಬರುವುದಿಲ್ಲ’ ಎನ್ನಲಿದ್ದಿರಬಹುದು. ಮುಗಿಸಲೇ ಎಂದು ಅವನನ್ನು ಮೊದಲು ಕೇಳಬೇಕು. ಊಟದ ವೇಳೆಯಲ್ಲಿ ಹಲಗೆಯನ್ನು ಚೀಲದಲ್ಲಿ ಕಟ್ಟಿಡುವುದು, ಗದ್ದಲ ಮಾಡಿದನೆಂದು ಯಂತ್ರವನ್ನು ಕಿತ್ತುಕೊಳ್ಳುವುದು ಇವು ಇನ್ನೊಬ್ಬರ ಬಾಯಿಗೆ ಬಟ್ಟೆ ತುರುಕುವುದಕ್ಕೆ ಸಮ.

ಇಷ್ಟೆಲ್ಲ ಸದುದ್ದೇಶದ ನಡುವೆ ಒಂದು ಅಪಾಯವೂ ಇದೆ. ಅದನ್ನು ಹೇಳದೆ ಬಿಟ್ಟರೆ ಈ ಪಾಠ ಅಪೂರ್ಣವಾದೀತು. ಕೈ ನಡುಗುವ ಮಗುವಿನ ಕೈಯನ್ನು ಸಹಾಯಕರು ಹಿಡಿದುಕೊಂಡು ಅಕ್ಷರಗಳ ಮೇಲೆ ಬೆರಳಿಡಿಸುವ ಪದ್ಧತಿಯೊಂದು ಆಸ್ಟ್ರೇಲಿಯಾದಲ್ಲಿ 1970ರ ದಶಕದಲ್ಲಿ ಹುಟ್ಟಿ, 1990ರ ಸುಮಾರಿಗೆ ಅಮೆರಿಕದಲ್ಲಿ ಬೆಂಕಿಯಂತೆ ಹಬ್ಬಿತು. ಒಂದಕ್ಷರವನ್ನೂ ಕಲಿಯದವರೆಂದು ತಿಳಿದಿದ್ದ ಮಕ್ಕಳು ಪುಟಗಟ್ಟಲೆ ಬರೆಯತೊಡಗಿದರು. ತಂದೆತಾಯಿಗಳ ಕಣ್ಣುಗಳಲ್ಲಿ ಆನಂದಬಾಷ್ಪ! ಆದರೆ ಪರೀಕ್ಷಕರು ಮಗುವಿಗೆ ಒಂದು ಚಿತ್ರವನ್ನೂ, ಕೈಹಿಡಿದವರಿಗೆ, ಮಗುವಿಗೆ ತಿಳಿಯದಂತೆ, ಬೇರೊಂದು ಚಿತ್ರವನ್ನೂ ತೋರಿಸಿ ‘ನೀನು ಕಂಡುದೇನು?’ ಎಂದು ಕೇಳಿದಾಗ, ಬರೆಹದಲ್ಲಿ ಮೂಡಿದ್ದು ಕೈಹಿಡಿದವರು ಕಂಡ ಚಿತ್ರದ ಹೆಸರು. ಅವರಾರೂ ಮೋಸಗಾರರಲ್ಲ. ತಮ್ಮ ಕೈಯೇ ಮಗುವಿನ ಕೈಯನ್ನು ನಡೆಸುತ್ತಿದೆ ಎಂಬುದು ಅವರಿಗೇ ತಿಳಿದಿರಲಿಲ್ಲ. 1994ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು ಈ ಪದ್ಧತಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ಸಾರಿತು. ಮಗುವಿಗೆ ದನಿ ಬಂತೆಂದು ನಂಬಿದ್ದ ಮನೆಗಳಲ್ಲಿ ಅಂದು ಕವಿದ ದುಃಖವನ್ನು ಊಹಿಸಿಕೊಳ್ಳಬಹುದು. ಮಾತಿಲ್ಲದವರ ಪರವಾಗಿ ಮಾತನಾಡುವ ಆಸೆ ಅಷ್ಟು ಬಲವಾದುದು. ಅದು ಅವರ ಮಾತನ್ನೇ ನುಂಗಿಬಿಡಬಲ್ಲದು.

ಅದಕ್ಕಾಗಿಯೇ ಒಳ್ಳೆಯ ಅಧ್ಯಾಪಕರು ಹಲಗೆಯನ್ನು ಮೇಜಿಗೋ ಗಾಲಿಕುರ್ಚಿಗೋ ಬಿಗಿಯುತ್ತಾರೆ, ಆದರೆ ಮಗುವಿನ ಕೈಯನ್ನು ಹಿಡಿಯುವುದಿಲ್ಲ. ಕೈ ಒದಗದಿದ್ದರೆ ಕಣ್ಣು, ಕಣ್ಣು ಒದಗದಿದ್ದರೆ ತಲೆ, ಅದೂ ಇಲ್ಲವಾದರೆ ಮೊಣಕಾಲಿನ ಕೆಳಗೆ ಒಂದು ಗುಂಡಿ. ಮಗುವಿನ ವಶದಲ್ಲಿರುವ ಒಂದೇ ಒಂದು ಚಲನೆಯನ್ನು ಹುಡುಕುವವರೆಗೆ ಅವರು ಬಿಡುವುದಿಲ್ಲ. ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನೂ ಆಗಾಗ ಕೇಳುತ್ತಾರೆ. ‘ನಿನ್ನೆ ರಾತ್ರಿ ಮನೆಗೆ ಬಂದವರು ಯಾರು?’ ಎಂದು ಕೇಳಿ, ಮಗು ‘ಅಜ್ಜಿ’ ಎಂದು ತೋರಿಸಿದರೆ, ಸಂಜೆ ತಾಯಿ ಬಂದಾಗ ವಿಚಾರಿಸುತ್ತಾರೆ. ಅಜ್ಜಿ ಬಂದಿದ್ದರೆಂದು ತಿಳಿದಾಗ ಅಧ್ಯಾಪಕರಿಗೆ ಆಗುವ ಸಂತೋಷಕ್ಕೆ ಅರ್ಥವಿದೆ: ಆ ಪದವು ಮಗುವಿನದೇ.

ಭಾರತದಲ್ಲಿ ಇಂತಹ ಮಕ್ಕಳ ಶಿಕ್ಷಣವನ್ನು ಕುರಿತ ವ್ಯವಸ್ಥಿತ ಕೆಲಸವು 1970ರ ದಶಕದ ಆರಂಭದಲ್ಲಿ ಮುಂಬೈಯಲ್ಲಿ ಮೊದಲಾಯಿತು. ಅದನ್ನು ಕೈಗೊಂಡವರು ಮಿಥು ಅಲೂರ್. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಎಂಬ ಸಂಸ್ಥೆಯು 1980ರಲ್ಲಿ ಆರಂಭವಾಯಿತು. ಕಾನೂನು ಬಂದದ್ದು ಬಹಳ ತಡವಾಗಿ. 2006ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಒಡಂಬಡಿಕೆಗೆ ಭಾರತವು 2007ರಲ್ಲಿ ಒಪ್ಪಿಗೆಯಿತ್ತಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮಾತಿಗೆ ಬದಲಾದ ಅಥವಾ ಪೂರಕವಾದ ಸಂವಹನ ಕ್ರಮಗಳನ್ನು ಶಾಲೆಗಳಲ್ಲಿ ಪ್ರೋತ್ಸಾಹಿಸಬೇಕೆಂದು ವಿಧಿಸಿದೆ. ಲಿಖಿತ ಪರೀಕ್ಷೆಗಳ ವಿಷಯದಲ್ಲಿ ಕೇಂದ್ರ ಸರ್ಕಾರವು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಲಿಪಿಕಾರರ ನೆರವು ಪಡೆಯುವ ಅಭ್ಯರ್ಥಿಗೆ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಕಾಲವನ್ನು ಕೊಡಬೇಕು. ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ಕಣ್ಣು ಮಿಟುಕಿಸಿ ಒಂದೊಂದೇ ಅಕ್ಷರವನ್ನು ಆರಿಸುವವರಿಗೆ ಇದೂ ಸಾಲದೆಂಬುದನ್ನು ಮೇಲಿನ ‘ಮಳೆ’ಯ ಲೆಕ್ಕದಿಂದಲೇ ನೀವು ಕಾಣಬಹುದು.

ಮಿಥು ಅಲೂರರು ಈ ಕೆಲಸಕ್ಕೆ ಇಳಿದದ್ದು ತಮ್ಮ ಮಗಳಿಗಾಗಿ. ಸೆರೆಬ್ರಲ್ ಪಾಲ್ಸಿಯಿದ್ದ ಆ ಮಗಳಿಗೆ ಪ್ರವೇಶ ಕೊಡುವ ಶಾಲೆಗಳು ಅಂದು ಇರಲಿಲ್ಲ. ಮಾಲಿನಿ ಚಿಬ್ ಎಂಬ ಹೆಸರಿನ ಆಕೆಯ ಮಾತು ಅಪರಿಚಿತರಿಗೆ ಅರ್ಥವಾಗುವುದು ಕಷ್ಟ. ಬರೆದುದನ್ನು ಧ್ವನಿಯಾಗಿ ನುಡಿಯುವ ‘ಲೈಟ್‌ರೈಟರ್’ ಎಂಬ ಪುಟ್ಟ ಯಂತ್ರವನ್ನು ಬಳಸಿದರು. ಮುಂಬೈಯಲ್ಲಿ ಪದವಿಯನ್ನೂ ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನೂ ಪಡೆದರು. ಅವುಗಳಲ್ಲಿ ಒಂದು ಗ್ರಂಥಾಲಯ ವಿಷಯದ್ದು. ಕೀಲಿಮಣೆಯ ಮೇಲೆ ಒಂದೇ ಬೆರಳನ್ನು ಒತ್ತುತ್ತ ಒತ್ತುತ್ತ ತಮ್ಮ ಜೀವನದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು, ಅದಕ್ಕೆ ‘ಒಂದು ಪುಟ್ಟ ಬೆರಳು’ ಎಂಬ ಅರ್ಥದ ಹೆಸರನ್ನಿಟ್ಟರು. ಮುಂಬೈಯ ಪುಸ್ತಕದಂಗಡಿಯೊಂದರಲ್ಲಿ, ಲೇಖಕರನ್ನೂ ಓದುಗರನ್ನೂ ಒಂದೆಡೆ ಸೇರಿಸುವ ಕಾರ್ಯಕ್ರಮಗಳನ್ನು ಏರ್ಪಡಿಸುವುದು ಅವರ ಉದ್ಯೋಗವಾಗಿತ್ತು.